ಹೊಗೆ ಬಂದ ಮೇಲೆ: ಬೇಸ್‌ಗೆ ಎಷ್ಟು ಕರೆಂಟು?

ಈ ತಿಂಗಳು ಬಂದ ಕಾಗದಗಳನ್ನು ಬೆಂಚಿನ ಮೇಲೆ ಹರಡಿಕೊಂಡು ಕೂತೆ. ಅರ್ಧಕ್ಕಿಂತ ಜಾಸ್ತಿ ಒಂದೇ ಕಾಯಿಲೆಯವು. ಎರಡು ಟ್ರಾನ್ಸಿಸ್ಟರ್ ಜೋಡಿಸಿದ್ದಾರೆ. ಒಂದು ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ ಅಂತ ನಂಬಿ ಸ್ವಿಚ್ ಹಾಕಿದ್ದಾರೆ. ಹೊಗೆ ಬಂದಿದೆ.

ಹಿಂದೆ ನಮ್ಮ ಕಡೆ ದಿಮ್ಮಿ ಕುಯ್ಯಲು ಎರಡಾಳಿನ ಗರಗಸ ಇರುತ್ತಿತ್ತು. ಒಬ್ಬ ಎಳೆದಾಗ ಇನ್ನೊಬ್ಬ ಕೈ ಸಡಿಲ ಬಿಡಬೇಕು. ಇಬ್ಬರೂ ಒಟ್ಟಿಗೆ ಎಳೆದರೆ ಮರ ಕುಯ್ಯುವುದಿಲ್ಲ, ಸುಮ್ನೆ ಬೆವರು. ಪುಷ್-ಪುಲ್ ಜೋಡಣೆಯೂ ಹಾಗೇ. ಯಾರು ಎಳೆಯಬೇಕು, ಯಾರು ಬಿಡಬೇಕು, ಎಷ್ಟು ಜೋರಾಗಿ ಅಂತ ಹೇಳುವುದು ಬೇಸ್ ಕರೆಂಟು. ಟ್ರಾನ್ಸಿಸ್ಟರ್‌ಗೆ ಮೂರು ಕಾಲು. ಬೇಸ್‌ಗೆ ಕೊಟ್ಟ ಸಣ್ಣ ಕರೆಂಟು ಕಲೆಕ್ಟರ್, ಎಮಿಟರ್ ನಡುವೆ ಹರಿಯುವ ದೊಡ್ಡ ಕರೆಂಟನ್ನು ಆಳುತ್ತದೆ. ಎಷ್ಟು ಪಟ್ಟು ದೊಡ್ಡದು ಅನ್ನುವುದೇ ಗೇನ್.

ನನ್ನ ಬೆಂಚಿನ ಮೂಲೆಯಲ್ಲಿ ಒಂದು ಉಪ್ಪಿನಕಾಯಿ ಭರಣಿ ಇದೆ. ಮೈಸೂರಿನ ಅಗ್ರಹಾರದಲ್ಲಿ ರಿಪೇರಿ ಅಂಗಡಿ ಶುರು ಮಾಡಿದಾಗಿನಿಂದ ಸುಟ್ಟ ಟ್ರಾನ್ಸಿಸ್ಟರ್‌ಗಳನ್ನು ಅದರೊಳಗೆ ಹಾಕುತ್ತಾ ಬಂದಿದ್ದೇನೆ. ಭರಣಿ ವಾಪಸ್ ಯಾವಾಗ ಅಂತ ಮನೆಯಾಕೆ ಇವತ್ತಿಗೂ ಕೇಳುತ್ತಾಳೆ. ಅದರಲ್ಲಿರುವ ಬಹಳಷ್ಟು ಬೇಸ್ ಕರೆಂಟಿನ ಲೆಕ್ಕ ತಪ್ಪಿ ಸತ್ತವು. ಜಾಸ್ತಿ ಕೊಟ್ಟು ಕೊಂದಿದ್ದಕ್ಕಿಂತ ಕಮ್ಮಿ ಕೊಟ್ಟು ಕೊಂದಿದ್ದೇ ಹೆಚ್ಚು. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಮೊದಲ ಕಾಗದವೇ ಅದಕ್ಕೆ ಸಾಕ್ಷಿ.

ಪ್ರಶ್ನೆ: ಸಾರ್, ಪಾಂಡವಪುರ ತಾಲ್ಲೂಕಿನಲ್ಲಿ ನಮ್ಮದೊಂದು ಆಲೆಮನೆ ಇದೆ. ರಾತ್ರಿ ಪಾಕ ಬರುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುತ್ತದೆ. ಕೊಪ್ಪರಿಗೆ ಮುಂದೆ ಒಂದು 60 ವ್ಯಾಟ್ ಬಲ್ಬ್ ಉರಿದರೆ ಸಾಕು ಅಂತ ಟ್ರಾಕ್ಟರ್ ಬ್ಯಾಟರಿಗೆ ಇನ್ವರ್ಟರ್ ಮಾಡಿದೆ. ಸರದಿ ಹೇಳಲು 4047 ಐಸಿ, ಅದರಿಂದ ಎರಡು ಬಿಡಿ139 ಟ್ರಾನ್ಸಿಸ್ಟರ್, ಅವುಗಳಿಂದ ಎರಡು ದೊಡ್ಡ 2ಎನ್3055 ಟ್ರಾನ್ಸಿಸ್ಟರ್, ಆಮೇಲೆ ಟ್ರಾನ್ಸ್‌ಫಾರ್ಮರ್. ಮೊದಲು 3055 ಬೇಸ್‌ಗೆ ಹೋಗುವ ದಾರಿಯಲ್ಲಿ 1 ಕೆ (ಸಾವಿರ ಓಮ್) ರೆಸಿಸ್ಟರ್ ಹಾಕಿದ್ದೆ. ಬಲ್ಬ್ ಮಿಂಚುಹುಳದ ಹಾಗೆ ಉರಿಯಿತು, 3055 ಮುಟ್ಟಲಾಗದಷ್ಟು ಬಿಸಿ. ಗೆಳೆಯನೊಬ್ಬ ಕರೆಂಟ್ ಸಾಲುತ್ತಿಲ್ಲ ಅಂದ, 4.7 ಓಮ್ ಹಾಕಿದೆ. ಮೊದಲು ಬಿಡಿ139 ಹೋಯಿತು, ಹಿಂದೆಯೇ ರೆಸಿಸ್ಟರ್ ಕೆಂಡವಾಯಿತು, ಕೊನೆಗೆ ಒಂದು 3055. ತಪ್ಪು ಯಾರದು?

ಉತ್ತರ: ಗೆಳೆಯ ಹೇಳಿದ್ದು ಸರಿ, ಮಾಡಿದ್ದು ತಪ್ಪು. ನಿಧಾನಕ್ಕೆ ನೋಡೋಣ.

ನಿಮ್ಮ ಸರ್ಕ್ಯೂಟಿನಲ್ಲಿ ಟ್ರಾನ್ಸ್‌ಫಾರ್ಮರ್ ಕೂತಿರುವುದು 3055 ಕಲೆಕ್ಟರ್ ಕಡೆ. ಎಮಿಟರ್ ನೆಲಕ್ಕೆ, ಅಂದರೆ ಬ್ಯಾಟರಿ ಮೈನಸ್‌ಗೆ. ಹೀಗಿದ್ದಾಗ ಬೇಸ್‌ಗೆ ತನಗೆಷ್ಟು ಬೇಕು ಅಂತ ಗೊತ್ತಿರುವುದಿಲ್ಲ. ರೇಷನ್ ಅಂಗಡಿ ಇದ್ದ ಹಾಗೆ, ನೀವು ಅಳೆದು ಕೊಟ್ಟಷ್ಟೇ ಅದಕ್ಕೆ. ಅಳೆಯುವ ಪಾವು ಆ ರೆಸಿಸ್ಟರ್.

1 ಕೆ ಹಾಕಿದಾಗ 12 ವೋಲ್ಟಿನಲ್ಲಿ ಬೇಸ್‌ಗೆ ಸಿಕ್ಕಿದ್ದು ಸುಮಾರು 11 ಮಿಲಿ ಆಂಪಿಯರ್. 3055 ಅದನ್ನು 40-50 ಪಟ್ಟು ಮಾಡಿದರೂ ಅರ್ಧ ಆಂಪಿಯರ್. ನಿಮ್ಮ ಬಲ್ಬಿಗೆ ಬೇಕಾದದ್ದು ಎಷ್ಟು? 60 ವ್ಯಾಟ್, ಟ್ರಾನ್ಸ್‌ಫಾರ್ಮರ್ ತಿನ್ನುವುದನ್ನೂ ಸೇರಿಸಿ 80 ಅಂತ ಇಟ್ಟುಕೊಳ್ಳಿ. 12ರಿಂದ ಭಾಗಿಸಿದರೆ 6.7 ಆಂಪಿಯರ್. ಕೇಳಿದ್ದು 6.7, ಕೊಟ್ಟಿದ್ದು ಅರ್ಧ. ಉಳಿದ ವೋಲ್ಟೇಜೆಲ್ಲ ಟ್ರಾನ್ಸಿಸ್ಟರ್ ತಲೆಯ ಮೇಲೆಯೇ ಕೂತಿತು.

ನಿಮ್ಮ ಊರಿನ ನಾಲೆಯ ತೂಬು ನೋಡಿದ್ದೀರಲ್ಲ. ಪೂರ್ತಿ ಮುಚ್ಚಿದರೆ ನೀರಿಲ್ಲ. ಪೂರ್ತಿ ತೆಗೆದರೆ ನೀರು ಹೋಗುತ್ತದೆ, ಹಲಗೆಗೆ ಕಷ್ಟವಿಲ್ಲ. ಅರ್ಧ ತೆಗೆದಾಗಲೇ ಹಲಗೆ ಗಡಗಡ ಅನ್ನುವುದು. ಟ್ರಾನ್ಸಿಸ್ಟರ್ ಬಿಸಿ ಅಂದರೆ ಅದರ ಮೇಲೆ ನಿಂತ ವೋಲ್ಟೇಜನ್ನು ಅದರೊಳಗೆ ಹರಿದ ಕರೆಂಟಿನಿಂದ ಗುಣಿಸಿದ್ದು. ಮುಚ್ಚಿದರೆ ಕರೆಂಟ್ ಇಲ್ಲ, ತೆಗೆದರೆ ವೋಲ್ಟೇಜ್ ಇಲ್ಲ. ಅರ್ಧ ತೆಗೆದರೆ ಎರಡೂ ಇದೆ. ಕಮ್ಮಿ ಬೇಸ್ ಕರೆಂಟ್ ಕೊಟ್ಟರೆ ಟ್ರಾನ್ಸಿಸ್ಟರ್‌ಗೆ ವಿಶ್ರಾಂತಿ ಅಂದುಕೊಳ್ಳಬೇಡಿ, ಇನ್ವರ್ಟರ್‌ನಲ್ಲಿ ಅದು ಚಿತ್ರಹಿಂಸೆ.

ಇನ್ನು 4.7ರ ಕಥೆ. ಅದನ್ನು ಹಾಕಿದ ತಕ್ಷಣ ಬಿಡಿ139 ಮೇಲೆ ದೊಡ್ಡ ಜವಾಬ್ದಾರಿ ಬಿತ್ತು. ಅದಕ್ಕೂ ಒಂದು ಬೇಸ್ ಇದೆ. ಅದನ್ನು ತಳ್ಳುವುದು 4047 ಐಸಿ. ಆ ಐಸಿ ಕೈಯಲ್ಲಿ ಕೆಲವೇ ಮಿಲಿ ಆಂಪಿಯರ್. ಹಾಗಾಗಿ ಬಿಡಿ139 ಕೂಡ ಅರ್ಧ ತೆಗೆದ ತೂಬಾಯಿತು, ಬೆಂದು ಒಳಗೇ ಶಾರ್ಟ್ ಆಯಿತು. ಶಾರ್ಟ್ ಆದ ಕೂಡಲೇ 12 ವೋಲ್ಟ್ ನೇರ 4.7ಗೆ ನುಗ್ಗಿತು. 11 ಭಾಗಿಸು 4.7, ಎರಡೂಕಾಲು ಆಂಪಿಯರ್‌ಗೂ ಮೇಲೆ. ರೆಸಿಸ್ಟರ್‌ನಲ್ಲಿ 26 ವ್ಯಾಟ್. ನೀವು ಹಾಕಿದ್ದು ಕಾಲು ವ್ಯಾಟಿನದ್ದು ಅಂತ ಕೆಂಡವಾದ ಚಂದದಲ್ಲೇ ಗೊತ್ತಾಗುತ್ತದೆ. ಆ ಕಡೆಯ 3055 ಮುಚ್ಚಲೇ ಇಲ್ಲ. ಟ್ರಾನ್ಸ್‌ಫಾರ್ಮರ್‌ನ ಅರ್ಧ ಸುತ್ತು ಬ್ಯಾಟರಿಗೆ ಅಡ್ಡ ಮಲಗಿತು. ಹೋದದ್ದು ಮೂರು ಸಾಮಾನು, ತಪ್ಪಿದ್ದು ಎರಡು ಮೆಟ್ಟಿಲು ಮೇಲೆ.

ಲೆಕ್ಕ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಮಾಡಬೇಕು. 3055ಗೆ ಕಲೆಕ್ಟರ್ ಕರೆಂಟಿನ ಹತ್ತನೇ ಒಂದು ಪಾಲು ಬೇಸ್‌ಗೆ ಕೊಡಿ. ಕಂಪನಿಯ ಪುಸ್ತಕದಲ್ಲಿ (ಡೇಟಾಶೀಟ್) 4 ಆಂಪಿಯರ್‌ನಲ್ಲಿ ಅದರ ಗೇನ್ 20ರಿಂದ 70 ಅಂತ ಇದೆ. ಪೂರ್ತಿ ತೆಗೆಯಬೇಕಾದರೆ ಆ ನಂಬರನ್ನು ನಂಬಬೇಡಿ, ಹತ್ತು ಅಂತಲೇ ಹಿಡಿಯಿರಿ. 6.7ಕ್ಕೆ 0.67 ಆಂಪಿಯರ್. ಬಿಡಿ139 ಕಲೆಕ್ಟರ್‌ನಿಂದ 12 ವೋಲ್ಟಿಗೆ 15 ಓಮ್ ಹಾಕಿ, ಅದರ ಎಮಿಟರ್ ನೇರ 3055 ಬೇಸ್‌ಗೆ. ಸುಮಾರು 0.7 ಆಂಪಿಯರ್ ಸಿಗುತ್ತದೆ. ರೆಸಿಸ್ಟರ್ ಬಿಳಿ ಸಿಮೆಂಟಿನದ್ದು, 10 ವ್ಯಾಟ್. ಅರ್ಧ ಹೊತ್ತು ಮಾತ್ರ ಕೆಲಸ ಮಾಡಿದರೂ 4 ವ್ಯಾಟ್ ಬಿಸಿ ಇರುತ್ತದೆ, ಪ್ಲಾಸ್ಟಿಕ್ ವೈರ್ ತಾಗದ ಹಾಗೆ ಎತ್ತಿ ಕೂರಿಸಿ.

ಈಗ ಬಿಡಿ139ಗೆ 35 ಮಿಲಿ ಆಂಪಿಯರ್ ಬೇಕು. ಐಸಿ ಕೊಡುವುದಿಲ್ಲ. ನಡುವೆ ಒಂದು ಬಿಸಿ547 ಸೇರಿಸಿ. ಅದರ ಕಲೆಕ್ಟರ್‌ನಿಂದ 12 ವೋಲ್ಟಿಗೆ 270 ಓಮ್ ಅರ್ಧ ವ್ಯಾಟ್, ಎಮಿಟರ್ ಬಿಡಿ139 ಬೇಸ್‌ಗೆ. 547 ಬೇಸ್‌ಗೆ ಐಸಿಯಿಂದ 4.7 ಕೆ. ಐಸಿ 2 ಮಿಲಿ ಆಂಪಿಯರ್ ಕೊಟ್ಟರೆ ಸಾಕು. 2 ಹೋಗಿ 35 ಆಗುತ್ತದೆ, 35 ಹೋಗಿ 700. ಐಸಿಯ 10ನೇ ಕಾಲಿನಿಂದ ಒಂದು ಸಾಲು, 11ರಿಂದ ಇನ್ನೊಂದು ಸಾಲು. ಎರಡು ಕಡೆಯೂ ಒಂದೇ ಥರ ಕಟ್ಟಿ.

ಕರೆಂಟ್ ಕೊಡುವುದಷ್ಟೇ ಅಲ್ಲ, ವಾಪಸ್ ತೆಗೆಯುವುದೂ ನಿಮ್ಮ ಕೆಲಸವೇ. ಬೇಸ್‌ನಲ್ಲಿ ತುಂಬಿದ ಚಾರ್ಜ್ ಸ್ವಿಚ್ ಆರಿಸಿದ ತಕ್ಷಣ ಹೋಗುವುದಿಲ್ಲ. ಪ್ರತಿ 3055 ಬೇಸ್-ಎಮಿಟರ್ ನಡುವೆ 100 ಓಮ್, ಬಿಡಿ139ಗೆ 1 ಕೆ ಹಾಕಿ. ಅದೇ ಬಸಿಗಾಲುವೆ. 50 ಹರ್ಟ್ಸ್‌ನಲ್ಲಿ ಒಂದು ಕಡೆಯ ಸರದಿ 10 ಮಿಲಿಸೆಕೆಂಡ್ ಇರುವುದರಿಂದ ಕೆಲವು ಮೈಕ್ರೋಸೆಕೆಂಡಿನ ತಡ ನಿಮಗೆ ತೊಂದರೆ ಕೊಡುವುದಿಲ್ಲ. ಇದೇ ಸರ್ಕ್ಯೂಟನ್ನು 20 ಕಿಲೋಹರ್ಟ್ಸ್‌ಗೆ ಏರಿಸಲು ಹೋದರೆ ಆ ತಡವೇ ಕೊಲ್ಲುತ್ತದೆ. ಒಂದು ಬಿಡುವ ಮುಂಚೆ ಇನ್ನೊಂದು ಎಳೆದಿರುತ್ತದೆ.

ಇನ್ನೊಂದು ಮಾತು. 3055 ಲೋಹದ ಮೈಯೇ ಅದರ ಕಲೆಕ್ಟರ್. ಎರಡನ್ನೂ ಒಂದೇ ಅಲ್ಯೂಮಿನಿಯಂ ತಗಡಿಗೆ ಬಿಗಿದರೆ ಎರಡು ಕಲೆಕ್ಟರ್ ಸೇರಿಬಿಡುತ್ತವೆ. ಮೈಕಾ ವಾಷರ್ ಮರೆಯಬೇಡಿ. ಆಚೆ ಬರುವ 230 ವೋಲ್ಟ್ ಮನೆಯ ಕರೆಂಟಿನಷ್ಟೇ ಕೆಟ್ಟದ್ದು, ಬ್ಯಾಟರಿಯಿಂದ ಬಂತು ಅಂತ ಅದಕ್ಕೆ ದಯೆ ಇರುವುದಿಲ್ಲ.

ಬೇಸ್‌ಗಳಿಗೆ ಅಂತಲೇ ಬ್ಯಾಟರಿಯಿಂದ ಸದಾ 8-9 ವ್ಯಾಟ್ ಹೋಗುತ್ತದೆ ಅನ್ನುವುದು ನಿಮಗೆ ಹೊಳೆದಿರಬಹುದು. ಹೌದು, ಆರೇಳು ಆಂಪಿಯರ್‌ನ 3055 ಸಾಕುವ ಖರ್ಚು ಅದು. ಖರ್ಚು ಬೇಡ ಅಂದರೆ ಬೇಸ್ ಬದಲು ಗೇಟ್ ಇರುವ ಐಆರ್‌ಎಫ್‌ಜೆಡ್44 ಮಾಸ್ಫೆಟ್ ಹಾಕಿ. ಅದರ ಗೇಟ್‌ಗೆ ವೋಲ್ಟೇಜ್ ಬೇಕು, ನಿಂತು ಹರಿಯುವ ಕರೆಂಟ್ ಬೇಡ. ನನಗೆ ಮಾತ್ರ 3055 ಮೇಲೆ ಯಾಕೋ ಪ್ರೀತಿ.

ಪ್ರಶ್ನೆ: ನಾಗಮಂಗಲದ ಹತ್ತಿರದ ಹಳ್ಳಿ ನಮ್ಮದು. ಭಜನೆ ಮಂಡಳಿಗೆ ಅಂತ ನಾನೇ ಒಂದು ಆಂಪ್ಲಿಫೈಯರ್ ಕಟ್ಟಿದೆ. ಪ್ಲಸ್ 15, ಮೈನಸ್ 15 ವೋಲ್ಟ್. ಮೇಲೆ ಟಿಐಪಿ41, ಕೆಳಗೆ ಟಿಐಪಿ42 ಟ್ರಾನ್ಸಿಸ್ಟರ್ ಜೋಡಿ, 8 ಓಮ್ ಸ್ಪೀಕರ್. ಎರಡೂ ಬೇಸ್ ಸೇರಿಸಿ, ಮೇಲಕ್ಕೆ 1 ಕೆ, ಕೆಳಗೆ ಬಿಸಿ547. ಲೆಕ್ಕದ ಪ್ರಕಾರ 9 ವ್ಯಾಟ್ ಬರಬೇಕು. ಸಣ್ಣ ದನಿಯಲ್ಲಿ ಕರಕರ ಅನ್ನುತ್ತದೆ, ಜಾಸ್ತಿ ಮಾಡಿದರೆ ಒಡೆದ ದನಿ. ನಮ್ಮ ತಾಳದವರು ಇದಕ್ಕಿಂತ ಬಾಯಲ್ಲೇ ಹೇಳುವುದು ವಾಸಿ ಅನ್ನುತ್ತಿದ್ದಾರೆ ಗುರುಗಳೇ.

ಉತ್ತರ: ತಾಳದವರ ಕಿವಿ ಚೆನ್ನಾಗಿದೆ. ಇಲ್ಲಿ ಎರಡು ಬೇರೆ ಬೇರೆ ರೋಗ ಇವೆ.

ಕರಕರ ಮೊದಲು. ನಿಮ್ಮ ಜೋಡಿಯಲ್ಲಿ ಸ್ಪೀಕರ್ ಎಮಿಟರ್ ಕಡೆ ಇದೆ. ಬೇಸ್ 0.6 ವೋಲ್ಟ್ ಏರುವವರೆಗೆ ಮೇಲಿನವನು ಏಳುವುದಿಲ್ಲ, 0.6 ಇಳಿಯುವವರೆಗೆ ಕೆಳಗಿನವನು ಏಳುವುದಿಲ್ಲ. ನಡುವಿನ ಒಂದೂಕಾಲು ವೋಲ್ಟಿನಷ್ಟು ಜಾಗದಲ್ಲಿ ಇಬ್ಬರೂ ನಿದ್ದೆ. ಸಣ್ಣ ದನಿ ಅಂದರೆ ಇಡೀ ಹಾಡೇ ಆ ನಿದ್ದೆಯೊಳಗೆ. ಎರಡು ಬೇಸ್‌ಗಳ ನಡುವೆ ಎರಡು ಡಯೋಡ್ ಹಾಕಿ ಇಬ್ಬರನ್ನೂ ಅರೆ ಎಚ್ಚರದಲ್ಲಿ ಇಡಬೇಕು. ಇದಕ್ಕೇ ಬಯಾಸ್ ಅನ್ನುವುದು. ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಒಡೆದ ದನಿ ಇದೆಯಲ್ಲ, ಅದು ಅಷ್ಟು ಜನಕ್ಕೆ ಗೊತ್ತಿಲ್ಲ. ನಾನೇ ಎಷ್ಟೋ ವರ್ಷ ಸ್ಪೀಕರನ್ನು ಬೈದುಕೊಂಡು ಕಳೆದೆ.

ಲೋಡ್ ಎಮಿಟರ್ ಕಡೆ ಇದ್ದರೆ ನಿಯಮ ಬೇರೆ. ಇಲ್ಲಿ ಬೇಸ್‌ಗೆ ಅಳೆದು ಕೊಡುವ ಪ್ರಶ್ನೆಯಿಲ್ಲ. ಸ್ಪೀಕರ್ ಎಷ್ಟು ಎಳೆಯುತ್ತದೋ ಅದನ್ನು ಗೇನ್‌ನಿಂದ ಭಾಗಿಸಿ, ಅಷ್ಟನ್ನು ಬೇಸ್ ತಾನೇ ಕೇಳಿ ತೆಗೆದುಕೊಳ್ಳುತ್ತದೆ. ಇದು ರೇಷನ್ ಅಂಗಡಿಯಲ್ಲ, ಮದುವೆ ಮನೆಯ ಪಂಕ್ತಿ. ಕೇಳಿದಾಗ ಬಡಿಸುವವನು ಇಲ್ಲ ಅನ್ನಬಾರದು, ಅಷ್ಟೇ. ನಿಮ್ಮ ಬಡಿಸುವವನು ಆ 1 ಕೆ ರೆಸಿಸ್ಟರ್. ಅವನ ಬಕೆಟ್ ನೋಡೋಣ.

ಹಾಡು ಇಲ್ಲದಾಗ ಔಟ್‌ಪುಟ್ 0 ವೋಲ್ಟಿನಲ್ಲಿದೆ. ರೆಸಿಸ್ಟರ್ ಮೇಲೆ 14.3 ವೋಲ್ಟ್, ಅಂದರೆ 14.3 ಮಿಲಿ ಆಂಪಿಯರ್ ರೆಡಿ. ಆಗ ಊಟಕ್ಕೆ ಯಾರೂ ಇಲ್ಲ. ದನಿ ಏರಿ ಔಟ್‌ಪುಟ್ 10 ವೋಲ್ಟಿಗೆ ಹೋಗಬೇಕು ಅನ್ನಿ. ಸ್ಪೀಕರ್ ಕೇಳುವುದು 1.25 ಆಂಪಿಯರ್. ಗೇನ್ 40 ಆದರೆ ಬೇಸ್‌ಗೆ 31 ಮಿಲಿ ಆಂಪಿಯರ್ ಬೇಕು. ಆದರೆ ಔಟ್‌ಪುಟ್ ಮೇಲಕ್ಕೆ ಹೋದ ಹಾಗೆಲ್ಲ ಬೇಸ್ ಕೂಡ ಮೇಲಕ್ಕೆ ಹೋಗಿದೆ. ರೆಸಿಸ್ಟರ್ ಮೇಲೆ ಉಳಿದದ್ದು 4.3 ವೋಲ್ಟ್, 4.3 ಮಿಲಿ ಆಂಪಿಯರ್. ಹಸಿವು ಜೋರಾದ ಹೊತ್ತಿಗೇ ಸರಿಯಾಗಿ ಬಕೆಟ್ ಖಾಲಿ.

ಹಾಗಾದರೆ ಎಲ್ಲಿಯವರೆಗೆ ಏರುತ್ತದೆ? ಬೇಕಾದದ್ದು, ಸಿಗುವುದು ಎರಡೂ ಸಮ ಆಗುವ ಜಾಗ ಸುಮಾರು 3.5 ವೋಲ್ಟ್. ಅಲ್ಲಿಗೆ ಮೇಲಿನ ಅರ್ಧ ಬೋಳು. ಕೆಳಗಿನ ಅರ್ಧ ಚೆನ್ನಾಗಿಯೇ ಇರುತ್ತದೆ, ಯಾಕೆಂದರೆ ಅಲ್ಲಿ ಬೇಸನ್ನು ಎಳೆಯುತ್ತಿರುವುದು ಬಿಸಿ547, ಅದು ಸುಸ್ತಾಗುವುದಿಲ್ಲ. ಒಂದು ಕಡೆ ಮಾತ್ರ ಕತ್ತರಿಸಿದ ಅಲೆಗೇ ಆ ಒಡೆದ ದನಿ. 3.5 ವೋಲ್ಟಿಗೆ ವ್ಯಾಟ್ ಲೆಕ್ಕ ಹಾಕಿ, ಮುಕ್ಕಾಲು ಬರುತ್ತದೆ. ನಿಮ್ಮ 9 ವ್ಯಾಟ್ ಆ 1 ಕೆ ಒಳಗೆ ಸಿಕ್ಕಿಕೊಂಡಿದೆ.

1 ಕೆ ತೆಗೆದು 100 ಓಮ್ ಹಾಕಿದರೆ ಆಗುವುದಿಲ್ಲವೇ ಅಂತ ನೀವು ಕೇಳುತ್ತೀರಿ. ಹಾಡಿಲ್ಲದಾಗಲೂ 143 ಮಿಲಿ ಆಂಪಿಯರ್ ಹರಿದು 547 ಸಾಯುತ್ತದೆ. ಅದರ ಮಿತಿಯೇ 100.

ಇದಕ್ಕೆ ಹಳಬರು ಕಂಡುಕೊಂಡ ಉಪಾಯಕ್ಕೆ ಬೂಟ್‌ಸ್ಟ್ರಾಪ್ ಅಂತ ಹೆಸರು. 1 ಕೆ ಬದಲು ಎರಡು 470 ಓಮ್ ಸಾಲಾಗಿ ಹಾಕಿ. ಅವೆರಡರ ನಡುವಿನ ಜಾಗಕ್ಕೆ ಔಟ್‌ಪುಟ್‌ನಿಂದ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಕಟ್ಟಿ. ಪ್ಲಸ್ ಕಾಲು ರೆಸಿಸ್ಟರ್ ಕಡೆಗೆ. ಔಟ್‌ಪುಟ್ ಏರಿದಾಗ ಕೆಪಾಸಿಟರ್ ಆ ನಡುವಿನ ಜಾಗವನ್ನೂ ತನ್ನ ಜೊತೆ ಎತ್ತಿಕೊಂಡು ಹೋಗುತ್ತದೆ. ಕೆಳಗಿನ 470 ಮೇಲೆ ಯಾವಾಗಲೂ 7 ವೋಲ್ಟ್ ಉಳಿಯುತ್ತದೆ, ಕರೆಂಟ್ 15 ಮಿಲಿ ಆಂಪಿಯರ್‌ನಲ್ಲಿ ನಿಲ್ಲುತ್ತದೆ. ಒಂದು ಕೆಪಾಸಿಟರ್‌ನಿಂದ ಇಷ್ಟು ಲಾಭ ಬೇರೆಲ್ಲೂ ನಾನು ಕಂಡಿಲ್ಲ.

ಆದರೂ 15ನ್ನು 40ರಿಂದ ಗುಣಿಸಿದರೆ 0.6 ಆಂಪಿಯರ್. 9 ವ್ಯಾಟಿಗೆ ಒಂದೂವರೆ ಬೇಕು. ಹಾಗಾಗಿ ಟಿಐಪಿ41 ಮುಂದೆ ಬಿಡಿ139, ಟಿಐಪಿ42 ಮುಂದೆ ಬಿಡಿ140 ಕೂರಿಸಿ, ಒಂದು ಇನ್ನೊಂದರ ಬೇಸನ್ನು ತಳ್ಳುವ ಹಾಗೆ, ಡಾರ್ಲಿಂಗ್‌ಟನ್ ಮಾಡಿ. ಗೇನ್ ಗುಣಾಕಾರವಾಗಿ ಸಾವಿರ ದಾಟುತ್ತದೆ, ಒಂದು ಒಂದೂವರೆ ಮಿಲಿ ಆಂಪಿಯರ್ ಸಾಕಾಗುತ್ತದೆ. ಆಗ 470 ಜಾಗದಲ್ಲಿ ಎರಡು 1 ಕೆ ಹಾಕಬಹುದು, 547 ತಣ್ಣಗಿರುತ್ತದೆ. ಟಿಐಪಿಗಳ ಬೇಸ್-ಎಮಿಟರ್ ನಡುವೆ ಒಂದೊಂದು 100 ಓಮ್ ಇರಲಿ.

ಈಗ ಎಬ್ಬಿಸಬೇಕಾದ ಬೇಸ್-ಎಮಿಟರ್ ಜಂಕ್ಷನ್ ನಾಲ್ಕಾಯಿತು. ಡಯೋಡೂ ನಾಲ್ಕು ಬೇಕು. ನಾಲ್ಕು ಡಯೋಡ್ ಬದಲು ಒಂದು ಬಿಡಿ139, ಎರಡು ರೆಸಿಸ್ಟರ್ ಹಾಕಿ ಬಯಾಸ್ ಮಾಡಿದರೆ ತಿರುಪಿ ಸರಿ ಮಾಡಬಹುದು. ತಿರುಪುವ ರೆಸಿಸ್ಟರ್, ಅಂದರೆ ಪ್ರಿಸೆಟ್, ಬೇಸ್-ಎಮಿಟರ್ ನಡುವೆ ಇರಲಿ, ಕಲೆಕ್ಟರ್-ಬೇಸ್ ನಡುವೆ ಬೇಡ. ಪ್ರಿಸೆಟ್ ಹಳತಾಗಿ ಸಂಪರ್ಕ ಬಿಡುವುದು ಅದರ ಹುಟ್ಟುಗುಣ. ಬೇಸ್-ಎಮಿಟರ್ ಕಡೆ ಇದ್ದರೆ ಬಿಟ್ಟಾಗ ಬಯಾಸ್ ಕಮ್ಮಿಯಾಗುತ್ತದೆ, ಬರೀ ಕರಕರ ಅನ್ನುತ್ತದೆ. ಕಲೆಕ್ಟರ್-ಬೇಸ್ ಕಡೆ ಇದ್ದರೆ ಬಯಾಸ್ ಏರಿ ಎರಡೂ ಟ್ರಾನ್ಸಿಸ್ಟರ್ ಒಟ್ಟಿಗೆ ಎಳೆಯುತ್ತವೆ. ಗರಗಸದ ಕಥೆ.

ಆ ಬಯಾಸ್ ಬಿಡಿ139ನ್ನು ಎಲ್ಲಿ ಕೂರಿಸುತ್ತೀರಿ ಅನ್ನುವುದು ಮುಖ್ಯ. ಇದಕ್ಕೆ ನನ್ನದೇ ಕಥೆ ಹೇಳುತ್ತೇನೆ. ಅಂಗಡಿಯ ಹೊಸತರಲ್ಲಿ ನಂಜನಗೂಡಿನ ದೊಡ್ಡ ಜಾತ್ರೆಗೆ ಒಂದು ಸೆಟ್ ಬಾಡಿಗೆಗೆ ಕೊಟ್ಟಿದ್ದೆ. ನಾನೇ ಕಟ್ಟಿದ್ದು. ಬಯಾಸ್ ಡಯೋಡ್‌ಗಳು ಬೋರ್ಡಿನ ಮೇಲೆ ಅಂದವಾಗಿ ನಿಂತಿದ್ದವು, ಟ್ರಾನ್ಸಿಸ್ಟರ್ ಬಿಸಿ ಹೀರುವ ತಗಡು ಅಂದರೆ ಹೀಟ್‌ಸಿಂಕ್‌ನಿಂದ ಒಂದು ಗೇಣು ದೂರ. ಮಧ್ಯಾಹ್ನದ ಬಿಸಿಲು, ಸೆಟ್ ಇದ್ದದ್ದು ತಗಡಿನ ಶೀಟ್ ಕೆಳಗೆ. ಔಟ್‌ಪುಟ್ ಟ್ರಾನ್ಸಿಸ್ಟರ್ ಬಿಸಿಯಾಯಿತು, ಡಯೋಡ್‌ಗಳಿಗೆ ಗೊತ್ತೇ ಆಗಲಿಲ್ಲ.

ಪ್ರತಿ ಡಿಗ್ರಿಗೆ ಬೇಸ್-ಎಮಿಟರ್ ವೋಲ್ಟೇಜ್ 2 ಮಿಲಿವೋಲ್ಟ್ ಇಳಿಯುತ್ತದೆ. ಡಯೋಡ್ ಮಾತ್ರ ಹಳೆಯ ವೋಲ್ಟೇಜನ್ನೇ ಕೊಡುತ್ತಾ ಕೂತಿರುತ್ತದೆ. 30 ಡಿಗ್ರಿ ಏರಿದರೆ 60 ಮಿಲಿವೋಲ್ಟ್ ಜಾಸ್ತಿ ಕೊಟ್ಟ ಹಾಗೆ. 60 ಮಿಲಿವೋಲ್ಟ್ ಅಂದರೆ ಕಲೆಕ್ಟರ್ ಕರೆಂಟ್ ಹತ್ತು ಪಟ್ಟಿನ ಹತ್ತಿರ. ಕರೆಂಟ್ ಏರಿದರೆ ಬಿಸಿ, ಬಿಸಿ ಏರಿದರೆ ಮತ್ತೆ ಕರೆಂಟ್. ಹಾಡು ನಿಂತಿತು. ಜನ ತಲೆಯೆತ್ತಿ ಹಾರನ್ ನೋಡಿದರು, ನಾನು ತಲೆ ತಗ್ಗಿಸಿ ನನ್ನ ಚಪ್ಪಲಿ ನೋಡಿದೆ. ಆ ಎರಡು 3055 ಭರಣಿಯ ತಳದಲ್ಲಿ ಇನ್ನೂ ಇವೆ.

ಅದಕ್ಕೇ ಹೇಳುವುದು, ಬಯಾಸ್ ಬಿಡಿ139ನ್ನು ಅದೇ ಹೀಟ್‌ಸಿಂಕ್‌ಗೆ, ಟಿಐಪಿ ಪಕ್ಕದಲ್ಲೇ, ಮೈಕಾ ಹಾಕಿ ಬಿಗಿಯಿರಿ. ಟಿಐಪಿ ಎಮಿಟರ್‌ಗಳಲ್ಲಿ 0.33 ಓಮ್ ಒಂದೊಂದು ಇರಲಿ. ಕರೆಂಟ್ ಏರಿದಾಗ ಅವು ತಾವೇ ಸ್ವಲ್ಪ ವೋಲ್ಟೇಜ್ ತಿಂದು ತಡೆಯುತ್ತವೆ. ಮೊದಲ ಸಲ ಸ್ವಿಚ್ ಹಾಕುವಾಗ ಮೇನ್ಸ್‌ಗೆ 60 ವ್ಯಾಟ್ ಸೀರೀಸ್ ಬಲ್ಬ್ ಇಟ್ಟು ಹಾಕಿ, ಪ್ರಿಸೆಟ್ ಬಯಾಸ್ ಕಮ್ಮಿ ಇರುವ ಕಡೆ ತಿರುಗಿಸಿರಿ. ಆಮೇಲೆ 0.33 ಮೇಲೆ ಮೀಟರ್ ಇಟ್ಟು 10 ಮಿಲಿವೋಲ್ಟ್ ಬರುವವರೆಗೆ ತಿರುಪಿ. 30 ಮಿಲಿ ಆಂಪಿಯರ್ ಆಯಿತು. ಕಾಲು ಗಂಟೆ ಹಾಡು ಹಾಕಿ ಬಿಸಿಯಾದ ಮೇಲೆ ಮತ್ತೆ ನೋಡಿ.

ಪ್ರಶ್ನೆ: ಸರ್, ನಾನು ಮೈಸೂರಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. 12 ವೋಲ್ಟ್ ಮೋಟಾರ್‌ಗೆ ಒಂದು ಪಿಎನ್‌ಪಿ ಮೇಲೆ, ಒಂದು ಎನ್‌ಪಿಎನ್ ಕೆಳಗೆ ಹಾಕಿದ್ದೆ. ಕಲೆಕ್ಟರ್ ಎರಡೂ ಸೇರಿಸಿ ಮೋಟಾರ್‌ಗೆ. ಬೇಸ್ ಎರಡೂ ಸೇರಿಸಿ 1 ಕೆ ಮೂಲಕ ಆರ್ಡುಯಿನೋಗೆ (ಪ್ರೋಗ್ರಾಮ್ ಹಾಕುವ ಪುಟ್ಟ ಬೋರ್ಡು). ಆರ್ಡುಯಿನೋಗೆ ಯುಎಸ್‌ಬಿ ಹಾಕುವ ಮುಂಚೆಯೇ, ಬರೀ 12 ವೋಲ್ಟ್ ಕೊಟ್ಟಿದ್ದಕ್ಕೆ ಎರಡೂ ಪಟ್ ಅಂದವು. 1 ಕೆ ಇತ್ತಲ್ಲ ಸರ್?

ಉತ್ತರ: ಮೊಮ್ಮಗಳ ವಯಸ್ಸು ನಿನ್ನದು, ನೀನು ಅಂತಲೇ ಬರೆಯುತ್ತೇನಮ್ಮ. 1 ಕೆ ಇತ್ತು, ಆದರೆ ಕಳ್ಳ ಹೋಗುವ ದಾರಿಯಲ್ಲಿ ಇರಲಿಲ್ಲ. ನಿನ್ನ ಚಿತ್ರದ ಮೇಲೆ ಬೆರಳಿಟ್ಟುಕೊಂಡು ಬಾ. ಪಿಎನ್‌ಪಿ ಅಂದರೆ ಬೇಸ್ ಕೆಳಕ್ಕೆ ಎಳೆದರೆ ಏಳುವುದು, ಎನ್‌ಪಿಎನ್ ಮೇಲಕ್ಕೆ ತಳ್ಳಿದರೆ ಏಳುವುದು. 12 ವೋಲ್ಟ್, ಪಿಎನ್‌ಪಿ ಎಮಿಟರ್, ಅದರ ಬೇಸ್, ಅಲ್ಲಿಂದ ನೇರ ಎನ್‌ಪಿಎನ್ ಬೇಸ್, ಅದರ ಎಮಿಟರ್, ನೆಲ. ಎರಡು ಡಯೋಡ್ ಸಾಲಾಗಿ ನಿಂತ ಹಾಗಾಯಿತು. ಅವಕ್ಕೆ 1.4 ವೋಲ್ಟ್ ಸಾಕು, ನೀನು ಕೊಟ್ಟಿದ್ದು 12. ನಡುವೆ ಒಂದು ಓಮ್ ಕೂಡ ಇಲ್ಲ.

ಎನ್‌ಪಿಎನ್ ಮೇಲೆ, ಪಿಎನ್‌ಪಿ ಕೆಳಗೆ, ಎಮಿಟರ್ ಸೇರಿಸಿ ಮೋಟಾರ್‌ಗೆ ಕೊಟ್ಟಿದ್ದರೆ ಬೇಸ್ ಎರಡೂ ಸೇರಿಸಬಹುದಿತ್ತು. ಆಗ ಒಂದು ಎದ್ದಿದ್ದಾಗ ಇನ್ನೊಂದು ಏಳಲಾರದು. ಆದರೆ ಎಮಿಟರ್ ಬೇಸನ್ನು ಹಿಂಬಾಲಿಸುತ್ತದೆ. ಬೇಸ್‌ಗೆ 5 ವೋಲ್ಟ್ ಕೊಟ್ಟರೆ ಮೋಟಾರ್‌ಗೆ 4.3. ನಿನ್ನ 12 ವೋಲ್ಟ್ ಮೋಟಾರ್ ತೂಕಡಿಸುತ್ತದೆ.

ಪೂರ್ತಿ 12 ಬೇಕು ಅಂದರೆ ನಿನ್ನ ಜೋಡಣೆಯೇ ಇರಲಿ, ಬೇಸ್‌ಗಳನ್ನು ಬೇರೆ ಮಾಡು. ಮೇಲಿನ ಪಿಎನ್‌ಪಿಯನ್ನು ಆರ್ಡುಯಿನೋ ನೇರವಾಗಿ ಆರಿಸಲಾರದು. ಅದರ ಎಮಿಟರ್ 12ರಲ್ಲಿದೆ, ಬೇಸ್ 5ರಲ್ಲಿದ್ದರೂ ಅದು ಎದ್ದೇ ಇರುತ್ತದೆ. ನಡುವೆ ಒಂದು ಬಿಸಿ337 ಹಾಕಿ ಪಿಎನ್‌ಪಿ ಬೇಸನ್ನು 220 ಓಮ್ 1 ವ್ಯಾಟ್ ಮೂಲಕ ನೆಲಕ್ಕೆ ಎಳೆ. 50 ಮಿಲಿ ಆಂಪಿಯರ್ ಬರುತ್ತದೆ, ಅರ್ಧ ಆಂಪಿಯರ್ ಮೋಟಾರ್‌ಗೆ ಸಾಕು. ಆರಿಸಲು ಬೇಸ್-ಎಮಿಟರ್ ನಡುವೆ 1 ಕೆ. ಕೆಳಗೆ ಟಿಐಪಿ122 ಹಾಕಿದರೆ ಆರ್ಡುಯಿನೋದಿಂದ 1 ಕೆ ಸಾಕು. ಎರಡಕ್ಕೂ ಬೇರೆ ಪಿನ್. ಒಂದನ್ನು ಆರಿಸಿ ಇನ್ನೊಂದನ್ನು ಎಬ್ಬಿಸುವ ನಡುವೆ ಪ್ರೋಗ್ರಾಮಿನಲ್ಲಿ 100 ಮೈಕ್ರೋಸೆಕೆಂಡ್ ಬಿಡುವು ಕೊಡು. ಆರಿಸಿದಾಗ ಮೋಟಾರ್ ವೋಲ್ಟೇಜನ್ನು ವಾಪಸ್ ಒದೆಯುತ್ತದೆ, ಎರಡು ಟ್ರಾನ್ಸಿಸ್ಟರ್‌ಗೂ ಅಡ್ಡವಾಗಿ ಡಯೋಡ್ ಇರಲಿ.

ಎಲ್293ಡಿ ಅನ್ನುವ ಮೋಟಾರ್ ಐಸಿ ತಂದರೆ ಇದ್ಯಾವುದೂ ಬೇಡ ಅಂತ ನಿಮ್ಮ ಲ್ಯಾಬಿನಲ್ಲಿ ಹೇಳುತ್ತಾರೆ. ಹೌದು. ಆದರೆ ಎರಡು ಟ್ರಾನ್ಸಿಸ್ಟರ್ ಪಟ್ ಅಂದಾಗ ಕಲಿತದ್ದು ಆ ಐಸಿ ಒಳಗೆ ಸಿಗುವುದಿಲ್ಲ.

ಪ್ರಶ್ನೆ: ಐಸಿ ಇಲ್ಲದೆ ಎರಡು 3055 ಒಂದಕ್ಕೊಂದು ಅಡ್ಡ ಕಟ್ಟಿ, ಕೆಪಾಸಿಟರ್ ಹಾಕಿ, ಸರದಿಯಂತೆ ಒಂದು ಇನ್ನೊಂದನ್ನು ಮಲಗಿಸುವ ಮಲ್ಟಿವೈಬ್ರೇಟರ್ ಇನ್ವರ್ಟರ್ ಮಾಡಿದ್ದೇನೆ. ಕೆಲವು ವಾರ ಚೆನ್ನಾಗಿತ್ತು, ಈಗ ಬೆಳಕು ದಿನೇ ದಿನೇ ಕಮ್ಮಿ. ಬ್ಯಾಟರಿ ಹೊಸದು. (ಮದ್ದೂರಿನಿಂದ)

ಉತ್ತರ: ಒಂದು ಕಡೆ ಎದ್ದಾಗ ಕೆಪಾಸಿಟರ್ ಇನ್ನೊಂದರ ಬೇಸನ್ನು ನೆಲಕ್ಕಿಂತ ಕೆಳಕ್ಕೆ, ಮೈನಸ್ 11 ವೋಲ್ಟಿಗೋ ಇನ್ನೂ ಕೆಳಕ್ಕೋ ತಳ್ಳಲು ನೋಡುತ್ತದೆ. 3055 ಬೇಸ್-ಎಮಿಟರ್ ಹಿಂದುಮುಂದಾಗಿ ತಡೆಯುವುದು 7 ವೋಲ್ಟ್. ಪ್ರತಿ ಸರದಿಗೂ ಅದು ಒಡೆಯುತ್ತಿದೆ. ತಕ್ಷಣ ಸಾಯುವುದಿಲ್ಲ, ಗೇನ್ ಸವೆಯುತ್ತದೆ. ಹೊಸ ಜೋಡಿ ಹಾಕುವಾಗ ಪ್ರತಿ ಬೇಸ್‌ನ ಸಾಲಿನಲ್ಲಿ ಒಂದು 1ಎನ್4007 ಡಯೋಡ್ ಹಾಕಿ, ಪಟ್ಟೆ ಬೇಸ್ ಕಡೆಗೆ.

ಪ್ರಶ್ನೆ: ತಂದೆಯವರ ಹಳೆಯ ರೇಡಿಯೋದಲ್ಲಿ ಎಸಿ187, ಎಸಿ188 ಟ್ರಾನ್ಸಿಸ್ಟರ್ ಹೋಗಿವೆ. ಎಸ್‌ಎಲ್100, ಎಸ್‌ಕೆ100 ಹಾಕಬಹುದೇ? (ಮೈಸೂರು, ಒಂಟಿಕೊಪ್ಪಲು)

ಉತ್ತರ: ಒಂಟಿಕೊಪ್ಪಲಿನಿಂದ ರೇಡಿಯೋ ಪ್ರಶ್ನೆ ಬಂದರೆ ಉತ್ತರಿಸದೆ ಇರಲಾಗುತ್ತದೆಯೇ? 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದ್ದು ನಿಮ್ಮ ಬಡಾವಣೆಯಲ್ಲಿ.

ನೇರ ಹಾಕಬೇಡಿ. ಹಳೆಯವು ಜರ್ಮೇನಿಯಂ, 0.2 ವೋಲ್ಟಿಗೇ ಏಳುತ್ತವೆ. ಎಸ್‌ಎಲ್100 ಜೋಡಿ ಸಿಲಿಕಾನ್, 0.6 ಬೇಕು. ಇರುವ ಬಯಾಸ್‌ನಲ್ಲಿ ಅವು ಏಳುವುದೇ ಇಲ್ಲ, ವಾರ್ತೆ ಓದುವವರಿಗೆ ನೆಗಡಿಯಾದ ಹಾಗೆ ಕೇಳುತ್ತದೆ. ಎರಡು ಬೇಸ್ ನಡುವೆ ಇರುವ ರೆಸಿಸ್ಟರ್ ಅಥವಾ ಥರ್ಮಿಸ್ಟರ್ ತೆಗೆದು ಎರಡು 1ಎನ್4148 ಡಯೋಡ್ ಹಾಕಿ, ಟ್ರಾನ್ಸಿಸ್ಟರ್ ಮೈಗೆ ತಾಗುವ ಹಾಗೆ. ಸಿಲಿಕಾನ್ ಬಯಾಸ್ ಇರುವ ಸೆಟ್‌ಗೆ ಜರ್ಮೇನಿಯಂ ಹಾಕುವ ತಪ್ಪು ಮಾತ್ರ ಯಾರೂ ಮಾಡಬೇಡಿ. ಬಿಸಿ, ಕರೆಂಟ್ ಒಂದನ್ನೊಂದು ಏರಿಸಿ ಅದು ನಿಮಿಷದೊಳಗೆ ಸುಟ್ಟುಹೋಗುತ್ತದೆ.

ಪ್ರಶ್ನೆ: ಮೀಟರ್‌ನಲ್ಲಿ ನನ್ನ 3055 ಗೇನ್ 110 ತೋರಿಸುತ್ತಿದೆ. ನೀವು ಹತ್ತು ಹಿಡಿಯಿರಿ ಅನ್ನುತ್ತೀರಿ. ಮೀಟರ್ ಸುಳ್ಳೇ? (ಶ್ರೀರಂಗಪಟ್ಟಣದಿಂದ)

ಉತ್ತರ: ಸುಳ್ಳಲ್ಲ. ಮೀಟರ್ ಅಳೆಯುವುದು ಕೆಲವೇ ಮಿಲಿ ಆಂಪಿಯರ್‌ನಲ್ಲಿ. ನಿಮ್ಮ ಕೆಲಸ ಇರುವುದು ಆಂಪಿಯರ್‌ನಲ್ಲಿ. ಕರೆಂಟ್ ಏರಿದ ಹಾಗೆ 3055 ಗೇನ್ ಬಿದ್ದುಹೋಗುತ್ತದೆ. 10 ಆಂಪಿಯರ್‌ನಲ್ಲಿ ಪುಸ್ತಕ ಭರವಸೆ ಕೊಡುವುದು ಬರೀ 5.

ಮೀಟರ್ ಬದಲು ಗಾಡಿಯ ಹೆಡ್‌ಲೈಟ್ ಬಲ್ಬ್ ತನ್ನಿ, 12 ವೋಲ್ಟ್ 60 ವ್ಯಾಟಿನದ್ದು. ಕಲೆಕ್ಟರ್ ಮತ್ತು ಬ್ಯಾಟರಿ ಪ್ಲಸ್ ನಡುವೆ ಅದನ್ನು ಕಟ್ಟಿ, ಎಮಿಟರ್ ಮೈನಸ್‌ಗೆ. ಬೇಸ್‌ಗೆ 22 ಓಮ್ 10 ವ್ಯಾಟ್ ಮೂಲಕ ಅದೇ ಪ್ಲಸ್ ಕೊಡಿ. ಅರ್ಧ ಆಂಪಿಯರ್ ಬೇಸ್‌ಗೆ, 5 ಆಂಪಿಯರ್ ಬಲ್ಬಿಗೆ. ಹೀಟ್‌ಸಿಂಕ್ ಮೇಲೆ ಇಟ್ಟು ಹತ್ತು ಸೆಕೆಂಡ್ ಮಾತ್ರ. ಆ ಹೊತ್ತಿನಲ್ಲಿ ಕಲೆಕ್ಟರ್-ಎಮಿಟರ್ ನಡುವೆ 1 ವೋಲ್ಟ್ ಆಸುಪಾಸು ಅಥವಾ ಕಮ್ಮಿ ತೋರಿಸಿದರೆ ಒಳ್ಳೆಯ ಮಾಲು. ಮೂರು ನಾಲ್ಕು ವೋಲ್ಟ್ ಬಂದರೆ ಡುಪ್ಲಿಕೇಟ್. ಮೇಲೆ ಎಷ್ಟೇ ಚಂದವಾಗಿ 3055 ಅಂತ ಅಚ್ಚು ಹಾಕಿದ್ದರೂ ಬಿಸಿಬಿಸಿಯಾಗಿಯೇ ಅಂಗಡಿಗೆ ವಾಪಸ್ ಕೊಟ್ಟು ಬನ್ನಿ.